ಇಂಟರ್ನಲ್ ಡೆವಲಪರ್ ಟೂಲ್ಸ್‌ಗೆ ಇಂಜಿನಿಯರ್‌ಗಳನ್ನು ತೆಗೆದುಕೊಳ್ಳುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಪರಿಚಯದ ಕಂಪನಿಗಳವರು, ಅದರಲ್ಲೂ ಮೂವತ್ತು ನಲವತ್ತು ಡೆವಲಪರ್‌ಗಳಿರುವವರು, ಇವೇ ಪ್ರಶ್ನೆಗಳನ್ನು ತಿರುಗಾ ಮುರುಗಾ ಕೇಳುತ್ತಾರೆ. ಕೆಲವು ಪ್ರಶ್ನೆಗಳು ಕೆಲಸ ಹುಡುಕುವವರದ್ದು. ಎಲ್ಲವನ್ನೂ ಒಂದೇ ಕಡೆ ಹಾಕಿದ್ದೇನೆ. ಉತ್ತರಗಳಲ್ಲಿ ನನ್ನ ಸ್ವಂತ ಅಭಿಪ್ರಾಯ ಧಾರಾಳವಾಗಿ ಇದೆ, ಒಪ್ಪದಿದ್ದರೆ ಬಿಟ್ಟುಬಿಡಿ.

ಈ ಕೆಲಸ ಅಂದ್ರೆ ನಿಜವಾಗಿ ಏನು?

ಗ್ರಾಹಕರಿಗೆ ಕಾಣುವ ಆ್ಯಪ್ ಬರೆಯುವವರು ಇರುತ್ತಾರಲ್ಲ, ಅವರಿಗೆ ಬೇಕಾದ ಸಲಕರಣೆ ಮಾಡಿಕೊಡುವ ಕೆಲಸ ಇದು. ಬಿಲ್ಡ್ (ಬರೆದ ಕೋಡನ್ನು ಓಡುವ ಪ್ರೋಗ್ರಾಂ ಆಗಿ ಕಟ್ಟುವುದು) ಬೇಗ ಮುಗಿಯುವಂತೆ ಮಾಡುವುದು, ಟೆಸ್ಟ್‌ಗಳನ್ನು ನಂಬುವ ಹಾಗೆ ಇಡುವುದು, ಬರೆದ ಕೋಡ್ ಪ್ರೊಡಕ್ಷನ್‌ಗೆ (ಗ್ರಾಹಕರು ನಿಜವಾಗಿ ಬಳಸುವ ಸಿಸ್ಟಮ್‌ಗೆ) ಹೋಗುವ ದಾರಿ ನೋಡಿಕೊಳ್ಳುವುದು, ಹೊಸದಾಗಿ ಸೇರಿದವರ ಲ್ಯಾಪ್‌ಟಾಪ್ ಮೊದಲ ದಿನವೇ ಕೆಲಸಕ್ಕೆ ಬರುವಂತೆ ಮಾಡುವುದು, ಹಳೇ ಲೈಬ್ರರಿಯಿಂದ ಹೊಸದಕ್ಕೆ ಹೋಗುವಾಗ ಸಾವಿರಾರು ಫೈಲ್‌ಗಳನ್ನು ಒಂದೇ ಸಲ ತಿದ್ದುವ ಸ್ಕ್ರಿಪ್ಟ್ ಬರೆಯುವುದು. ಕೆಲವು ಕಡೆ ಪ್ಲಾಟ್‌ಫಾರ್ಮ್ ಟೀಮ್ ಅನ್ನುತ್ತಾರೆ, ಕೆಲವು ಕಡೆ ಡೆವಲಪರ್ ಎಕ್ಸ್‌ಪೀರಿಯನ್ಸ್. ಹೆಸರು ಏನಾದರೂ ಇರಲಿ.

ಬೇರೆ ಸಾಫ್ಟ್‌ವೇರ್ ಕೆಲಸಕ್ಕೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಟೂಲ್ ಬಳಸುವವರು ಪಕ್ಕದ ಸೀಟಿನಲ್ಲೇ ಕೂತಿರುತ್ತಾರೆ, ಮತ್ತು ಅವರಿಗೆ ಬೇರೆ ಆಯ್ಕೆ ಇಲ್ಲ. ಹೊರಗಿನ ಗ್ರಾಹಕರು ಬೇಜಾರಾದರೆ ಆ್ಯಪ್ ಕಿತ್ತುಹಾಕುತ್ತಾರೆ. ಒಳಗಿನವರು ಹಾಸ್ಟೆಲ್ ಮೆಸ್ಸಿನ ಊಟದ ಹಾಗೆ ಬೈದುಕೊಂಡು ಅದನ್ನೇ ಬಳಸುತ್ತಾರೆ, ಇಲ್ಲಾ ಸದ್ದಿಲ್ಲದೆ ತಮ್ಮದೇ ಒಂದು ಸ್ಕ್ರಿಪ್ಟ್ ಬರೆದುಕೊಳ್ಳುತ್ತಾರೆ. ಯಾರೂ ಬಿಟ್ಟು ಹೋಗುವುದಿಲ್ಲ, ಹಾಗಾಗಿ ಟೂಲ್ ಕೆಟ್ಟಿದೆ ಅಂತ ಬೇಗ ಗೊತ್ತಾಗುವುದೂ ಇಲ್ಲ. ಇದನ್ನು ಅರ್ಥ ಮಾಡಿಕೊಂಡವರೇ ಈ ಕೆಲಸಕ್ಕೆ ಬೇಕು. ಮುಂದೆ ನಾನು ಹೇಳುವುದರಲ್ಲಿ ಮುಕ್ಕಾಲು ಪಾಲು ಇದರ ಸುತ್ತಲೇ ತಿರುಗುತ್ತದೆ.

ಇದು ಡೆವಾಪ್ಸ್ ಅಲ್ವಾ? ಎಸ್‌ಆರ್‌ಇ?

ಸ್ವಲ್ಪ ಅತ್ತಿತ್ತ ಸೇರಿಕೊಂಡಿರುತ್ತದೆ. ಡೆವಾಪ್ಸ್ ಅಂದರೆ ಕೋಡ್ ಬರೆಯುವುದನ್ನೂ ಅದನ್ನು ಓಡಿಸಿ ನೋಡಿಕೊಳ್ಳುವುದನ್ನೂ ಒಂದುಗೂಡಿಸುವ ರೀತಿ. ಎಸ್‌ಆರ್‌ಇ (ಸೈಟ್ ರಿಲಯಬಿಲಿಟಿ ಇಂಜಿನಿಯರ್) ಅವರ ಚಿಂತೆ ಪ್ರೊಡಕ್ಷನ್ ಬಿದ್ದುಹೋಗಬಾರದು ಅನ್ನುವುದು. ಟೂಲ್ಸ್ ಇಂಜಿನಿಯರ್ ಚಿಂತೆ ಸಹೋದ್ಯೋಗಿಯ ಸಮಯ ಹಾಳಾಗಬಾರದು ಅನ್ನುವುದು. ನಲವತ್ತು ಜನರ ಕಂಪನಿಯಲ್ಲಿ ಎರಡನ್ನೂ ಒಬ್ಬರೇ ಮಾಡುತ್ತಾರೆ, ಪರವಾಗಿಲ್ಲ. ಆದರೆ ರಾತ್ರಿ ಎರಡು ಗಂಟೆಗೆ ಅಲರ್ಟ್ ಬಂದು ಎದ್ದವರ ಹತ್ತಿರ ಮರುದಿನ ಬೆಳಗ್ಗೆ ಟೂಲ್ ಬರೆಯಿರಿ ಅಂದರೆ ಅದು ಆಗುವ ಮಾತಲ್ಲ. ಪ್ರೊಡಕ್ಷನ್ ಬೆಂಕಿ ಯಾವಾಗಲೂ ಗೆಲ್ಲುತ್ತದೆ, ಟೂಲ್ ಕೆಲಸ ಮುಂದಿನ ಕ್ವಾರ್ಟರ್‌ಗೆ ಹೋಗುತ್ತದೆ.

ನಮ್ಮ ಕಂಪನಿಗೆ ಇಂಥವರು ಯಾವಾಗ ಬೇಕು?

ಲೆಕ್ಕ ಹಾಕಿ ನೋಡಿ. ನಲವತ್ತು ಡೆವಲಪರ್‌ಗಳು, ದಿನಕ್ಕೆ ತಲಾ ಆರು ಬಿಲ್ಡ್, ಒಂದೊಂದಕ್ಕೆ ಹತ್ತು ನಿಮಿಷ ಕಾಯುವುದು. ಒಟ್ಟು 2,400 ನಿಮಿಷ, ಅಂದರೆ ದಿನಕ್ಕೆ 40 ಗಂಟೆ. ಐದು ಜನರ ಇಡೀ ದಿನದ ಕೆಲಸದ ಅವಧಿ ಅದು. ಕಾಯುವಾಗ ಅವರು ಬೇರೇನೋ ಮಾಡುತ್ತಾರೆ ಅಂತ ನೀವು ವಾದ ಮಾಡಬಹುದು, ಸರಿ, ಅರ್ಧ ಕಳೆಯಿರಿ. ಆಗಲೂ ಒಬ್ಬ ಇಂಜಿನಿಯರ್‌ನ ಸಂಬಳ ಆರಾಮಾಗಿ ಹುಟ್ಟುತ್ತದೆ.

ಲೆಕ್ಕಕ್ಕಿಂತ ನನಗೆ ಜಾಸ್ತಿ ನಂಬಿಕೆ ಇರುವುದು ಇನ್ನೊಂದು ಗುರುತಿನ ಮೇಲೆ. ನಿಮ್ಮ ಸ್ಲ್ಯಾಕ್‌ನಲ್ಲಿ (ಆಫೀಸ್ ಚಾಟ್) ಫೇಲ್ ಆದ ಟೆಸ್ಟ್ ಬಗ್ಗೆ 'ರೀರನ್ ಮಾಡಿ, ಪಾಸ್ ಆಗುತ್ತೆ' ಅನ್ನುವ ಮಾತು ವಾರಕ್ಕೆ ಎಷ್ಟು ಸಲ ಬರುತ್ತದೆ ಹುಡುಕಿ. ಅದು ಸಹಜ ಅಂತ ಎಲ್ಲರಿಗೂ ಅನಿಸಲು ಶುರುವಾಗಿದ್ದರೆ ಆಗಲೇ ತಡ ಆಗಿದೆ.

ಹತ್ತು ಜನರ ಸ್ಟಾರ್ಟಪ್‌ಗೆ ಬೇಡ. ಬಿಲ್ಡ್, ಟೆಸ್ಟ್ ತಾನಾಗೇ ಓಡಿಸುವ ಗಿಟ್‌ಹಬ್ ಆ್ಯಕ್ಷನ್ಸ್ ಹಾಕಿಕೊಂಡು ಪ್ರಾಡಕ್ಟ್ ಕಡೆ ಗಮನ ಕೊಡಿ.

ರೆಡಿಮೇಡ್ ಟೂಲ್‌ಗಳು ಬೇಕಾದಷ್ಟಿವೆ. ಕೊಂಡುಕೊಂಡರೆ ಆಯಿತಲ್ವಾ?

ಕೊಳ್ಳಿ. ಕೊಳ್ಳಬಹುದಾದ್ದನ್ನು ಬರೆಯಲು ಜನ ತೆಗೆದುಕೊಳ್ಳಬೇಡಿ. ಆದರೆ ಕೊಂಡದ್ದನ್ನು ನಿಮ್ಮ ಕಂಪನಿಗೆ ಹೊಂದಿಸುವವರು ಬೇಕೇ ಬೇಕು. ಬ್ಯಾಕ್‌ಸ್ಟೇಜ್ ಉದಾಹರಣೆ ತೆಗೆದುಕೊಳ್ಳಿ. ಸ್ಪಾಟಿಫೈ ತನ್ನೊಳಗೆ ಬಳಸಲು ಮಾಡಿಕೊಂಡ ಡೆವಲಪರ್ ಪೋರ್ಟಲ್ ಅದು, 2020ರಲ್ಲಿ ಓಪನ್ ಸೋರ್ಸ್ ಆಯಿತು. ಉಚಿತ ಅಂತ ಎಷ್ಟೋ ಕಡೆ ಹಾಕಿಕೊಳ್ಳುತ್ತಾರೆ. ಅದು ಇನ್‌ಸ್ಟಾಲ್ ಮಾಡಿ ಮರೆಯುವ ವಸ್ತು ಅಲ್ಲ. ಟೈಪ್‌ಸ್ಕ್ರಿಪ್ಟ್, ರಿಯಾಕ್ಟ್ ಗೊತ್ತಿರುವವರು ಕೂತು ಪ್ಲಗಿನ್ ಬರೆಯಬೇಕು, ಅಪ್‌ಗ್ರೇಡ್ ಮಾಡುತ್ತಿರಬೇಕು, ಯಾವ ಸರ್ವಿಸ್ ಯಾವ ಟೀಮಿನದ್ದು ಅನ್ನುವ ಮಾಹಿತಿ ಹಳಸದಂತೆ ನೋಡಿಕೊಳ್ಳಬೇಕು. ಕೊನೆಯದ್ದು ಕೋಡ್ ಕೆಲಸವೇ ಅಲ್ಲ, ಟೀಮ್ ಟೀಮಿಗೂ ಹೋಗಿ ಬೆನ್ನುಬೀಳುವ ಕೆಲಸ. ಅದಕ್ಕೆ ಯಾರನ್ನೂ ಇಡದಿದ್ದರೆ ಆರು ತಿಂಗಳಲ್ಲಿ ಪೋರ್ಟಲ್ ತೆರೆದು ನೋಡುವವರೇ ಇರುವುದಿಲ್ಲ.

ಜೆಡಿಯಲ್ಲಿ (ಕೆಲಸದ ವಿವರಣೆಯಲ್ಲಿ) ಏನು ಬರೆಯಬೇಕು?

ಕುಬರ್ನೆಟಿಸ್, ಟೆರಾಫಾರ್ಮ್, ಜೆಂಕಿನ್ಸ್, ಪೈಥಾನ್, ಗೋ, ಡಾಕರ್, ಹೆಲ್ಮ್ ಅಂತ ಸಾಲಾಗಿ ಬರೆದರೆ ಆ ಪದಗಳನ್ನು ರೆಸ್ಯೂಮೆಯಲ್ಲಿ ತುಂಬಿಸಿದವರೆಲ್ಲ ಬರುತ್ತಾರೆ. ಎಚ್‌ಆರ್ ಅವರ ತಪ್ಪಲ್ಲ, ನೀವು ಕೊಟ್ಟ ಪದಗಳನ್ನೇ ಅವರು ನೌಕ್ರಿ ಸೈಟಿನಲ್ಲಿ ಹುಡುಕುವುದು.

ಅದರ ಬದಲು ಸಮಸ್ಯೆ ಬರೆಯಿರಿ. 'ನಮ್ಮಲ್ಲಿ ನಲವತ್ತೈದು ಜನ ಜಾವಾ ಮತ್ತು ಕಾಟ್ಲಿನ್ ಬರೆಯುತ್ತಾರೆ. ಒಂದು ಪುಲ್ ರಿಕ್ವೆಸ್ಟ್ ಹಸಿರಾಗಲು ಐವತ್ತು ನಿಮಿಷ ಬೇಕು. ಅದನ್ನು ಹದಿನೈದಕ್ಕೆ ತರಬೇಕು, ಮತ್ತು ಹದಿನೈದರಲ್ಲೇ ಉಳಿಸಬೇಕು.' (ಪುಲ್ ರಿಕ್ವೆಸ್ಟ್ ಅಂದರೆ ನನ್ನ ಬದಲಾವಣೆ ಸೇರಿಸಿಕೊಳ್ಳಿ ಅನ್ನುವ ಕೋರಿಕೆ, ಹಸಿರು ಅಂದರೆ ಟೆಸ್ಟ್ ಎಲ್ಲ ಪಾಸ್.) ಈ ಜಾಹೀರಾತು ಓದಿ ಕೈ ಚುರುಗುಟ್ಟುವವರೇ ನಿಮಗೆ ಬೇಕಾದವರು. ಪರಿಸ್ಥಿತಿ ಕೆಟ್ಟದಾಗಿದೆ ಅಂತ ಜಾಹೀರಾತಿನಲ್ಲೇ ಹೇಳಿಕೊಳ್ಳುವುದಾ ಅಂತ ಮ್ಯಾನೇಜರ್‌ಗಳು ಮುಖ ಸಿಂಡರಿಸುತ್ತಾರೆ. ಸೇರಿದ ಮೊದಲ ವಾರದಲ್ಲಿ ಹೇಗೂ ಗೊತ್ತಾಗುತ್ತದೆ, ಈಗಲೇ ಹೇಳಿ.

ಇಂಥವರು ಎಲ್ಲಿ ಸಿಗುತ್ತಾರೆ?

ಮೊದಲು ನಿಮ್ಮ ಆಫೀಸಿನೊಳಗೇ ನೋಡಿ. ಪ್ರಾಡಕ್ಟ್ ಟೀಮಿನಲ್ಲಿ ಒಬ್ಬರು ಇದ್ದೇ ಇರುತ್ತಾರೆ: ಯಾರೂ ಹೇಳದಿದ್ದರೂ ಬಿಲ್ಡ್ ಸ್ಕ್ರಿಪ್ಟ್ ಸರಿ ಮಾಡಿದವರು, ಹೊಸಬರಿಗೆ ಸೆಟಪ್ ಡಾಕ್ಯುಮೆಂಟ್ ಬರೆದವರು, ಏನಾದರೂ ಕೆಟ್ಟರೆ ಎಲ್ಲರೂ ಅವರ ಸೀಟಿನ ಹತ್ತಿರ ಹೋಗುವಂಥವರು. ಅವರ ಹುದ್ದೆಯ ಹೆಸರಿನಲ್ಲಿ ಟೂಲ್ಸ್ ಅಂತ ಇರುವುದಿಲ್ಲ. ಅಪ್ರೈಸಲ್‌ನಲ್ಲಿ ಈ ಕೆಲಸಕ್ಕೆ ಒಂದು ಸಾಲೂ ಇರುವುದಿಲ್ಲ. ಅವರನ್ನು ಕರೆದು ಕೇಳಿ.

ಈ ಕ್ಷೇತ್ರದ ಒಳ್ಳೆಯ ಟೂಲ್‌ಗಳು ಹುಟ್ಟಿದ್ದೂ ಹೀಗೆಯೇ. ಜೆಂಕಿನ್ಸ್ ಬರೆದ ಕೊಹ್ಸುಕೆ ಕವಾಗುಚಿ ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿ ಡೆವಲಪರ್ ಆಗಿದ್ದರು. ತಾನು ಹಾಕಿದ ಕೋಡಿನಿಂದ ಬಿಲ್ಡ್ ಮುರಿದು ಟೀಮಿನವರ ಕೈಲಿ ಬೈಸಿಕೊಳ್ಳುವುದು ಸಾಕಾಗಿ, ಮೊದಲೇ ಪರೀಕ್ಷೆ ಮಾಡಿ ನೋಡುವ ಸಣ್ಣ ಪ್ರೋಗ್ರಾಂ ಬರೆದುಕೊಂಡರು. ಆಗ ಅದರ ಹೆಸರು ಹಡ್ಸನ್. ಸನ್ ಕಂಪನಿಯನ್ನು ಒರಾಕಲ್ ಕೊಂಡ ಮೇಲೆ ಹೆಸರಿನ ಜಗಳ ಆಗಿ 2011ರಲ್ಲಿ ಜೆಂಕಿನ್ಸ್ ಆಯಿತು.

ಹೊರಗೆ ಹುಡುಕುವುದಾದರೆ ರೂಟ್‌ಕಾನ್ಫ್, ಇಂಡಿಯಾಫಾಸ್ ಥರದ ಕೂಟಗಳಿಗೆ ಹೋಗಿ, ಎರಡೂ ಬೆಂಗಳೂರಿನಲ್ಲೇ ನಡೆಯುತ್ತವೆ. ವೇದಿಕೆ ಮೇಲೆ ಮಾತಾಡುವವರಿಗಿಂತ ಆಮೇಲೆ ಕಾಫಿ ಹತ್ತಿರ ಪ್ರಶ್ನೆ ಕೇಳುತ್ತಾ ನಿಂತವರನ್ನು ಮಾತಾಡಿಸಿ. ಯಾವುದಾದರೂ ಓಪನ್ ಸೋರ್ಸ್ ಟೂಲ್‌ಗೆ ಬಂದ ಬಗ್ ರಿಪೋರ್ಟ್‌ಗಳಿಗೆ ತಾಳ್ಮೆಯಿಂದ ಉತ್ತರ ಕೊಡುವವರು ಕಂಡರೆ ಅವರ ಹೆಸರು ಬರೆದಿಟ್ಟುಕೊಳ್ಳಿ. ಅಪರಿಚಿತರ ಅರೆಬರೆ ದೂರನ್ನು ಓದಿ ಅಸಲಿ ತೊಂದರೆ ಏನು ಅಂತ ಹೊರತೆಗೆಯುವ ಗುಣ ರೆಸ್ಯೂಮೆಯಲ್ಲಿ ಕಾಣುವುದಿಲ್ಲ.

ಇಂಟರ್ವ್ಯೂ ಹೇಗೆ ಮಾಡುವುದು?

ಇದೇ ಎಲ್ಲರೂ ಜಾಸ್ತಿ ಕೇಳುವ ಪ್ರಶ್ನೆ, ಹಾಗಾಗಿ ಸ್ವಲ್ಪ ಉದ್ದವಾಗಿ ಹೇಳುತ್ತೇನೆ.

ಒಂದು ನಿಧಾನದ ರೆಪೊ (ಕೋಡಿನ ಸಂಗ್ರಹ) ಕೊಡಿ. ಚಿಕ್ಕದು, ಆದರೆ ನಿಜವಾದ ಕಾಯಿಲೆ ಇರುವುದು. ಉದಾಹರಣೆಗೆ ಡಾಕರ್‌ಫೈಲ್‌ನಲ್ಲಿ (ಆ್ಯಪನ್ನು ಹೆಜ್ಜೆ ಹೆಜ್ಜೆಯಾಗಿ ಕಟ್ಟುವ ಸೂಚನೆಗಳ ಫೈಲ್) ಇಡೀ ಸೋರ್ಸ್ ಕಾಪಿ ಮಾಡಿ ಆಮೇಲೆ ಡಿಪೆಂಡೆನ್ಸಿ (ಬೇಕಾದ ಹೊರಗಿನ ಲೈಬ್ರರಿಗಳು) ಇನ್‌ಸ್ಟಾಲ್ ಮಾಡಿದರೆ, ಒಂದು ಅಕ್ಷರ ಬದಲಾದರೂ ಕ್ಯಾಶ್ (ಹಿಂದಿನ ಸಲ ಕಟ್ಟಿಟ್ಟದ್ದು) ಕೆಲಸಕ್ಕೆ ಬಾರದೆ ಎಲ್ಲ ಡಿಪೆಂಡೆನ್ಸಿ ಮತ್ತೆ ಮೊದಲಿಂದ ಇಳಿಯುತ್ತದೆ. ಡಿಪೆಂಡೆನ್ಸಿ ಪಟ್ಟಿಯ ಫೈಲ್ ಮಾತ್ರ ಮೊದಲು ಕಾಪಿ ಮಾಡಿ, ಇನ್‌ಸ್ಟಾಲ್ ಮಾಡಿ, ಉಳಿದ ಸೋರ್ಸ್ ಆಮೇಲೆ ಕಾಪಿ ಮಾಡಿದರೆ ಸಾಕು. ಇದರ ಜೊತೆಗೆ ನೋಡಲು ಅನುಮಾನ ಬರುವಂಥ, ಆದರೆ ಸಮಯ ತಿನ್ನದ ಇನ್ನೊಂದು ಜಾಗ ಇಡಿ. ಒಳ್ಳೆಯವರು ಮೊದಲು ಅಳೆಯುತ್ತಾರೆ, ಎಲ್ಲಿ ಎಷ್ಟು ಸೆಕೆಂಡು ಹೋಗುತ್ತಿದೆ ಅಂತ. ಇನ್ನು ಕೆಲವರು ನೋಡಿದ ತಕ್ಷಣ ಊಹೆ ಮಾಡಿ ತಿದ್ದಲು ಶುರು ಮಾಡುತ್ತಾರೆ. ಊಹೆ ಸರಿಯಾಗಿದ್ದರೂ ನಾನು ಅವರಿಗೆ ಕಡಿಮೆ ಅಂಕ ಕೊಡುತ್ತೇನೆ. ಅವರದೇ ಲ್ಯಾಪ್‌ಟಾಪ್, ಗೂಗಲ್, ಎಐ, ಏನು ಬೇಕಾದರೂ ಬಳಸಲಿ.

ಎರಡನೆಯದು, ಫ್ಲೇಕಿ ಟೆಸ್ಟ್. ಕೋಡ್ ಬದಲಾಗದಿದ್ದರೂ ಒಮ್ಮೆ ಪಾಸ್ ಒಮ್ಮೆ ಫೇಲ್ ಆಗುವ ಟೆಸ್ಟ್‌ಗಳು. ಹೀಗೆ ಕೇಳಿ: ಸಾವಿರ ಟೆಸ್ಟ್ ಇವೆ, ಒಂದೊಂದೂ ಸಾವಿರಕ್ಕೆ ಒಂದು ಸಲ ಸುಮ್ನೆ ಫೇಲ್ ಆಗುತ್ತದೆ, ಇಡೀ ಸೂಟ್ ಹಸಿರಾಗುವ ಸಾಧ್ಯತೆ ಎಷ್ಟು? ಉತ್ತರ ಸುಮಾರು ಶೇ 37. ಅಂದರೆ ಮೂರರಲ್ಲಿ ಎರಡು ಸಲದ ಹತ್ತಿರ ಯಾರದ್ದೂ ತಪ್ಪಿಲ್ಲದೆ ಕೆಂಪು. ಲೆಕ್ಕ ತಪ್ಪಿದರೂ ಪರವಾಗಿಲ್ಲ. ಆಮೇಲೆ ಏನು ಮಾಡುತ್ತೀರಿ ಅನ್ನುವುದು ಮುಖ್ಯ. ತಾನಾಗೇ ರೀಟ್ರೈ ಮಾಡಿಸುತ್ತೀರಾ? ಆಗ ನಿಜವಾದ ರೇಸ್ ಕಂಡಿಷನ್ (ಒಟ್ಟಿಗೆ ಓಡುವ ಕೆಲಸಗಳು ಹಿಂದು ಮುಂದಾಗಿ ಆಗುವ ತಪ್ಪು) ಮುಚ್ಚಿಹೋಗುತ್ತದೆ. ಪ್ರತ್ಯೇಕವಾಗಿ ಇಡುತ್ತೀರಾ? ಅಲ್ಲಿಂದ ಯಾರು ಯಾವಾಗ ವಾಪಸ್ ತರುತ್ತಾರೆ? ಗೂಗಲ್‌ನವರೇ 2016ರಲ್ಲಿ ತಮ್ಮ ಟೆಸ್ಟ್‌ಗಳಲ್ಲಿ ಶೇ 16ರ ಆಸುಪಾಸಿನಲ್ಲಿ ಇಂಥ ಚಂಚಲತೆ ಇದೆ ಅಂತ ಬರೆದಿದ್ದರು. ಹಾಗಾಗಿ 'ಎಲ್ಲ ಫ್ಲೇಕಿ ಟೆಸ್ಟ್ ಸರಿ ಮಾಡಿಸುತ್ತೇನೆ' ಅನ್ನುವವರು ದೊಡ್ಡ ಕೋಡ್‌ಬೇಸ್ ನೋಡಿಲ್ಲ ಅಂತಲೇ ಅರ್ಥ.

ಮೂರನೆಯದು, ದೂರು ಹೇಳುವವರು. ನಿಮ್ಮ ಪ್ರಾಡಕ್ಟ್ ಟೀಮಿನ ಒಬ್ಬರನ್ನು ಕೂರಿಸಿ, 'ಸಿಐ ಸರಿ ಇಲ್ಲ, ನೋಡಿ' ಅಂತಷ್ಟೇ ಹೇಳಿಸಿ (ಸಿಐ ಅಂದರೆ ಪ್ರತಿ ಬದಲಾವಣೆಗೂ ಬಿಲ್ಡ್, ಟೆಸ್ಟ್ ತಾನಾಗೇ ಓಡಿಸುವ ವ್ಯವಸ್ಥೆ). ಬಂದವರು ಏನು ಕೇಳುತ್ತಾರೆ ಗಮನಿಸಿ. ಲಾಗ್ ತೋರಿಸಿ ಅನ್ನುವುದು ಸರಿ. 'ನೀವು ಇವತ್ತು ಏನು ಮಾಡಲು ಹೊರಟಿದ್ದಿರಿ?' ಅಂತ ಕೇಳಿದರೆ ಇನ್ನೂ ಸರಿ. 'ಡಾಕ್ಯುಮೆಂಟ್ ಓದಿದ್ದೀರಾ?' ಅಂತ ಶುರು ಮಾಡಿದರೆ ನನಗೆ ಅಲ್ಲಿಗೇ ಅರ್ಧ ಉತ್ತರ ಸಿಕ್ಕಿತು.

ಕೊನೆಯದು ನನ್ನ ಮೆಚ್ಚಿನದು. ನೀವು ಮಾಡಿದ ಒಂದು ಟೂಲ್ ಬಗ್ಗೆ ಹೇಳಿ, ಅದರ ಎರಡನೇ ವರ್ಷದ ಬಗ್ಗೆ. ಮೊದಲ ವರ್ಷದ ಕಥೆ ಎಲ್ಲರ ಹತ್ತಿರ ಇರುತ್ತದೆ: ಬರೆದೆವು, ಡೆಮೊ ಕೊಟ್ಟೆವು, ಎಲ್ಲರೂ ಚಪ್ಪಾಳೆ ತಟ್ಟಿದರು. ಎರಡನೇ ವರ್ಷದಲ್ಲಿ ಹಳೇ ಟೂಲ್ ಬಿಡಲೊಪ್ಪದ ಆ ಒಂದು ಟೀಮನ್ನು ಹೇಗೆ ಕರೆತಂದಿರಿ? ಯಾವ ಫೀಚರ್ ಕಿತ್ತುಹಾಕಿದಿರಿ? ನೀವು ರಜೆಯಲ್ಲಿದ್ದಾಗ ಅದು ಕೆಟ್ಟರೆ ಯಾರು ನೋಡುತ್ತಿದ್ದರು? ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್ ಅನ್ನು ಲಿನಸ್ ಟೊರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ ಬರೆದರು, ಅದು ಎಲ್ಲರಿಗೂ ಗೊತ್ತು. ಅದೇ ವರ್ಷ ಜುಲೈನಲ್ಲಿ ಜುನಿಯೊ ಹಮಾನೊ ಅವರ ಕೈಗೆ ಕೊಟ್ಟರು, ಅಲ್ಲಿಂದ ಮುಂದೆ ವರ್ಷಗಟ್ಟಲೆ ಅದನ್ನು ಸಾಕಿದವರು ಹಮಾನೊ. ಅವರ ಹೆಸರು ಎಷ್ಟು ಜನರಿಗೆ ಗೊತ್ತು? ಕಂಪನಿಯೊಳಗಿನ ಟೂಲ್‌ಗೆ ಲಿನಸ್ ಸಿಗುವುದು ಕಷ್ಟ ಏನಲ್ಲ, ಹಮಾನೊ ಸಿಗುವುದು ಕಷ್ಟ.

ಡಿಎಸ್‌ಎ (ಡೇಟಾ ಸ್ಟ್ರಕ್ಚರ್, ಆಲ್ಗಾರಿದಮ್) ಕೇಳಬೇಕಾ?

ಸ್ವಲ್ಪ. ಬಿಲ್ಡ್ ಸಿಸ್ಟಮ್ ಅಂದರೆ ಡಿಪೆಂಡೆನ್ಸಿಗಳ ಗ್ರಾಫ್, ಅದನ್ನು ಯಾವ ಕ್ರಮದಲ್ಲಿ ಓಡಿಸಬೇಕು, ಒಂದು ಫೈಲ್ ಬದಲಾದರೆ ಏನೇನು ಮತ್ತೆ ಕಟ್ಟಬೇಕು ಅನ್ನುವುದು ಇಲ್ಲಿ ದಿನನಿತ್ಯದ ಪ್ರಶ್ನೆ. ಅಷ್ಟು ಕೇಳಿ. ಡೈನಾಮಿಕ್ ಪ್ರೋಗ್ರಾಮಿಂಗ್ ಒಗಟು ಬೇಡ.

ದೊಡ್ಡ ಕಂಪನಿಯ ಟೂಲ್ಸ್ ಟೀಮಿನಿಂದ ಬಂದವರನ್ನು ತೆಗೆದುಕೊಂಡರೆ ಒಳ್ಳೆಯದಲ್ವಾ?

ಕೆಲವೊಮ್ಮೆ. ಗೂಗಲ್‌ನ ಒಂದೇ ರೆಪೊದಲ್ಲಿ ಸುಮಾರು 200 ಕೋಟಿ ಸಾಲು ಕೋಡ್, 86 ಟೆರಾಬೈಟ್ ಇತ್ತು, ಇದು ಅವರೇ 2016ರಲ್ಲಿ ಪ್ರಕಟಿಸಿದ ಅಂಕಿ. ಆ ಗಾತ್ರಕ್ಕೆ ಬ್ಲೇಝ್ ಎಂಬ ಬಿಲ್ಡ್ ಸಿಸ್ಟಮ್ ಮಾಡಿಕೊಂಡರು, ಅದರ ಓಪನ್ ಸೋರ್ಸ್ ರೂಪವೇ 2015ರಲ್ಲಿ ಬಂದ ಬೇಝೆಲ್. ಅಲ್ಲಿಂದ ಬಂದವರು ನಿಮ್ಮ ನಲವತ್ತು ಜನರ ಕಂಪನಿಗೂ ಬೇಝೆಲ್ ಹಾಕೋಣ ಅಂದರೆ ಹೆದರಿ. ಅದು ಕೆಟ್ಟ ಟೂಲ್ ಅಲ್ಲ. ಆದರೆ ಅದನ್ನು ಸಾಕಲು ಅವರ ಹಿಂದೆ ಒಂದು ಟೀಮೇ ಇತ್ತು, ನಿಮ್ಮಲ್ಲಿ ಅವರೊಬ್ಬರೇ. 'ಆ ಟೀಮ್ ಇಲ್ಲದಿದ್ದರೆ ಮೊದಲ ತಿಂಗಳು ಏನು ಮಾಡುತ್ತೀರಿ?' ಅಂತ ಕೇಳಿ. 'ಈಗಿರುವ ಬಿಲ್ಡ್ ಟೂಲ್ ಗ್ರೇಡಲ್‌ನ ಕ್ಯಾಶ್ ಆನ್ ಆಗಿದೆಯಾ ನೋಡುತ್ತೇನೆ' ಅಂದರೆ ಆಫರ್ ಕೊಡಿ.

ಫ್ರೆಶರ್‌ಗಳನ್ನು ಹಾಕಬಹುದಾ?

ಒಬ್ಬರೇ ಅಂದರೆ ಬೇಡ. ನೋವು ಏನು ಅಂತ ತಿಳಿಯಲು ಒಂದೆರಡು ವರ್ಷ ಪ್ರಾಡಕ್ಟ್ ಟೀಮಿನಲ್ಲಿ ಕಾದು ಕಾದು ಸುಸ್ತಾಗಿರಬೇಕು. ಹಿರಿಯರೊಬ್ಬರ ಜೊತೆಗಾದರೆ ಖಂಡಿತ, ಇಂಟರ್ನ್‌ಗಳಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಬರೆದ ಕೋಡ್ ಮರುದಿನವೇ ಯಾರೋ ಬಳಸಿ ಬಂದು ಬೈಯುತ್ತಾರೆ, ಬೇಗ ಕಲಿಯುತ್ತಾರೆ.

ಎಐ ಬಂದಿದೆಯಲ್ಲ, ಇನ್ನೂ ಇಂಥ ಜನ ಯಾಕೆ ಬೇಕು?

ಕೋಡ್ ಬರೆದುಕೊಡುವ ಎಐ ಟೂಲ್ ಗಿಟ್‌ಹಬ್ ಕೋಪೈಲಟ್ 2022ರ ಜೂನ್‌ನಲ್ಲಿ ಎಲ್ಲರಿಗೂ ಸಿಕ್ಕಿತು. ಅಲ್ಲಿಂದ ಈಚೆಗೆ ಕೋಡ್ ಬರೆಯುವುದು ಸಲೀಸಾಗುತ್ತಲೇ ಬಂದಿದೆ. ಆದರೆ ಬರೆದ ಕೋಡ್ ಎಲ್ಲವೂ ಅದೇ ಸಿಐ ಕ್ಯೂನಲ್ಲಿ ನಿಲ್ಲಬೇಕು, ಅದೇ ಫ್ಲೇಕಿ ಟೆಸ್ಟ್ ದಾಟಬೇಕು, ಅದೇ ನಾಲ್ಕು ಜನ ರಿವ್ಯೂ ಮಾಡಬೇಕು. ಪುಲ್ ರಿಕ್ವೆಸ್ಟ್ ಎರಡು ಪಟ್ಟಾದರೆ ಸಿಐ ಬಿಲ್ಲೂ ಹಾಗೇ ಏರುತ್ತದೆ. ತಾವಾಗೇ ಕೋಡ್ ಬರೆದು ಓಡಿಸಿ ನೋಡುವ ಎಐ ಏಜೆಂಟ್‌ಗಳನ್ನು ಬಳಸಬೇಕು ಅಂದರೂ ಬೇಗ ಮುಗಿಯುವ ಟೆಸ್ಟ್, ಅರ್ಥವಾಗುವ ಎರರ್ ಮೆಸೇಜ್, ಒಂದೇ ಕಮಾಂಡಿನಲ್ಲಿ ಎದ್ದು ನಿಲ್ಲುವ ಸೆಟಪ್ ಬೇಕು, ಯಾವುದಕ್ಕೆ ಕೈ ಹಾಕಬಾರದು ಅನ್ನುವ ಗಡಿ ಬೇಕು. ಇದನ್ನೆಲ್ಲ ಮನುಷ್ಯರಿಗಾಗಿ ಕೇಳಿದಾಗ ಬಜೆಟ್ ಇಲ್ಲ ಅಂದ ಮ್ಯಾನೇಜರ್‌ಗಳೇ ಈಗ ಎಐಗಾಗಿ ಅಂದರೆ ತಕ್ಷಣ ಸಹಿ ಹಾಕುತ್ತಾರೆ. ನಗು ಬರುತ್ತದೆ, ಆದರೆ ಅವಕಾಶ ಬಿಡಬೇಡಿ.

ಸಂಬಳ, ನೋಟಿಸ್ ಪಿರಿಯಡ್?

ಸಂಬಳದ ಬ್ಯಾಂಡ್ ಪ್ರಾಡಕ್ಟ್ ಇಂಜಿನಿಯರ್‌ಗಳದ್ದೇ ಇರಬೇಕು. 'ಸಪೋರ್ಟ್ ಟೀಮ್ ತಾನೇ' ಅಂತ ಒಂದು ಮೆಟ್ಟಿಲು ಕೆಳಗಿಟ್ಟರೆ ಒಳ್ಳೆಯವರು ಬರುವುದೇ ಇಲ್ಲ. ಹಳೇ ಸಿಟಿಸಿ ಮೇಲೆ ಇಷ್ಟು ಪರ್ಸೆಂಟ್ ಹೈಕ್ ಅನ್ನುವ ಅಭ್ಯಾಸವನ್ನೂ ಇಲ್ಲಿ ಬಿಡಿ, ಯಾಕೆಂದರೆ ಈ ಕೆಲಸ ಮಾಡಿದವರು ಎಷ್ಟೋ ಸಲ ಹಳೇ ಕಂಪನಿಯಲ್ಲಿ ಕಡಿಮೆ ಸಂಬಳಕ್ಕೇ ಮಾಡಿರುತ್ತಾರೆ.

ನೋಟಿಸ್ ಪಿರಿಯಡ್ ತೊಂಬತ್ತು ದಿನ ಅಂದರೆ ತೊಂಬತ್ತು ದಿನ ಬೇರೆಯವರೂ ಅವರಿಗೆ ಆಫರ್ ಕೊಡುತ್ತಿರುತ್ತಾರೆ ಅಂತ ತಿಳಿಯಿರಿ. ಬೈಔಟ್ (ಉಳಿದ ನೋಟಿಸ್ ದಿನಗಳ ಹಣ ಕಟ್ಟುವುದು) ಕೊಡಲು ಆದರೆ ಕೊಡಿ. ಆಗದಿದ್ದರೆ ಸುಮ್ನೆ ಇರಬೇಡಿ, ಟೀಮಿನ ಊಟಕ್ಕೆ ಕರೆಯಿರಿ, ಅವರು ಮೊದಲು ಯಾವ ಸಮಸ್ಯೆ ಎತ್ತಿಕೊಳ್ಳುತ್ತಾರೆ ಅಂತ ಮಾತಾಡುತ್ತಿರಿ.

ವರ್ಕ್ ಫ್ರಮ್ ಹೋಮ್ ನಡೆಯುತ್ತದಾ?

ನಡೆಯುತ್ತದೆ. ಮೊದಲ ಎರಡು ತಿಂಗಳು ಮಾತ್ರ ಬಳಸುವವರ ಪಕ್ಕ ಕೂತರೆ ಒಳ್ಳೆಯದು. ಜನ ಯಾವ ಕಷ್ಟಕ್ಕೆ ಒಗ್ಗಿಹೋಗಿದ್ದಾರೋ ಅದಕ್ಕೆ ಟಿಕೆಟ್ ಹಾಕುವುದಿಲ್ಲ, ನೋಡಿದರೆ ಮಾತ್ರ ಕಾಣುತ್ತದೆ. ಆಮೇಲೆ ಮೈಸೂರಿನಿಂದ ಮಾಡಲಿ, ಹುಬ್ಬಳ್ಳಿಯಿಂದ ಮಾಡಲಿ.

ಅಪ್ರೈಸಲ್‌ನಲ್ಲಿ ಇವರ ಕೆಲಸ ಅಳೆಯುವುದು ಹೇಗೆ?

ಡೋರಾ (ಡೆವಾಪ್ಸ್ ರಿಸರ್ಚ್ ಅಂಡ್ ಅಸೆಸ್‌ಮೆಂಟ್) ಅಳತೆಗಳು ಅಂತ ನಾಲ್ಕು ಪ್ರಸಿದ್ಧವಾಗಿವೆ: ಎಷ್ಟು ಸಲ ಡೆಪ್ಲಾಯ್ ಮಾಡುತ್ತೀರಿ (ಹೊಸ ಕೋಡ್ ಪ್ರೊಡಕ್ಷನ್‌ಗೆ ಹಾಕುತ್ತೀರಿ), ಕಮಿಟ್ ಆದ ಕೋಡ್ ಪ್ರೊಡಕ್ಷನ್ ತಲುಪಲು ಎಷ್ಟು ಹೊತ್ತು, ಎಷ್ಟು ಬದಲಾವಣೆಗಳಿಂದ ತೊಂದರೆ ಆಯಿತು, ತೊಂದರೆ ಆದ ಮೇಲೆ ಸರಿಯಾಗಲು ಎಷ್ಟು ಹೊತ್ತು. ಇಡೀ ಸಂಸ್ಥೆಯ ಆರೋಗ್ಯ ನೋಡಲು ಚೆನ್ನಾಗಿವೆ. ಒಬ್ಬರ ರೇಟಿಂಗ್‌ಗೆ ಬಳಸಿದರೆ ಕೆಡುತ್ತವೆ, ಡೆಪ್ಲಾಯ್ ಸಂಖ್ಯೆ ಏರಿಸುವುದು ಏನು ಮಹಾ ಕಷ್ಟ? ನಾನು ನೋಡುವುದು ಎರಡು. ಒಂದು, ಒತ್ತಾಯ ಮಾಡದೆ ಎಷ್ಟು ಟೀಮ್ ತಾವಾಗೇ ಈ ಟೂಲ್‌ಗೆ ಬಂದವು. ಎರಡು, ಹಳೇದನ್ನು ಪೂರ್ತಿ ಆಫ್ ಮಾಡಿದರಾ. ಹೊಸದು ಬಂದರೂ ಹಳೇದು ಓಡುತ್ತಿದ್ದರೆ ಕೆಲಸ ಕಡಿಮೆಯಾಗಿಲ್ಲ, ಎರಡಾಗಿದೆ. ಪ್ರಮೋಷನ್ ಕಮಿಟಿಗಳು ಲಾಂಚ್‌ಗೆ ಮಾರ್ಕ್ಸ್ ಕೊಡುತ್ತವೆ, ಮುಚ್ಚಿದ್ದಕ್ಕೆ ಕೊಡುವುದಿಲ್ಲ, ಅದಕ್ಕೇ ಎಲ್ಲ ಕಂಪನಿಗಳಲ್ಲೂ ಡೆಪ್ಲಾಯ್ ಮಾಡಲು ಮೂರು ದಾರಿ ಇರುವುದು.

ನಾನು ಈ ಕೆಲಸಕ್ಕೆ ಸೇರಿದರೆ ಕರಿಯರ್ ನಿಂತುಹೋಗುತ್ತದಾ?

ಎಲ್ಲಿ ಸೇರುತ್ತೀರಿ ಅನ್ನುವುದರ ಮೇಲಿದೆ. ಕಲಿಯುವುದು ಬಹಳ ಇದೆ: ಕಂಪೈಲರ್, ಕ್ಯಾಶಿಂಗ್, ಡಿಸ್ಟ್ರಿಬ್ಯೂಟೆಡ್ ಸಿಸ್ಟಮ್ಸ್, ಜೊತೆಗೆ ಜನರನ್ನು ಒಪ್ಪಿಸುವುದು. ಹೊರಗೆ ತೋರಿಸಲು ಆ್ಯಪ್ ಇರುವುದಿಲ್ಲ, ಅಮ್ಮನಿಗೆ ವಿವರಿಸುವುದೂ ಕಷ್ಟ. ಹಾಗಾಗಿ ಮೊದಲ ದಿನದಿಂದಲೇ ಅಂಕಿ ಬರೆದಿಟ್ಟುಕೊಳ್ಳಿ. ನೀವು ಬಂದಾಗ ಬಿಲ್ಡ್ ಎಷ್ಟು ನಿಮಿಷ, ಈಗ ಎಷ್ಟು. ಈ ಒಂದು ಸಾಲು ಇಲ್ಲದೆ ರೆಸ್ಯೂಮೆ ಬರಿದಾಗಿ ಕಾಣುತ್ತದೆ.

ಸೇರುವ ಮೊದಲು ಕಂಪನಿಯನ್ನು ಏನು ಕೇಳಬೇಕು?

ಈ ಟೀಮ್ ಯಾರ ಕೆಳಗೆ ಬರುತ್ತದೆ ಕೇಳಿ. ಐಟಿ ಹೆಲ್ಪ್‌ಡೆಸ್ಕ್ ಕೆಳಗೆ ಅಂದರೆ ಪಾಸ್‌ವರ್ಡ್ ರೀಸೆಟ್ ಟಿಕೆಟ್ ಕೂಡ ನಿಮಗೇ ಬರುತ್ತದೆ. ವಾರದಲ್ಲಿ ಎಷ್ಟು ಹೊತ್ತು ಸಪೋರ್ಟ್, ಎಷ್ಟು ಹೊತ್ತು ಕಟ್ಟುವ ಕೆಲಸ ಕೇಳಿ, ಮತ್ತು ಸಪೋರ್ಟ್ ಸರದಿ ಪ್ರಕಾರ ಹಂಚಿಕೆಯಾಗಿದೆಯಾ ಅಥವಾ ಗೊತ್ತಿರುವ ಒಬ್ಬರ ತಲೆ ಮೇಲೇ ಇದೆಯಾ ಅಂತ ಕೇಳಿ. ಈ ಟೀಮಿನಿಂದ ಕೊನೆಯದಾಗಿ ಬಿಟ್ಟವರು ಯಾಕೆ ಬಿಟ್ಟರು? ಆಮೇಲೆ, ಸಾಧ್ಯವಾದರೆ, ಪ್ರಾಡಕ್ಟ್ ಟೀಮಿನ ಒಬ್ಬರ ಹತ್ತಿರ ಹತ್ತು ನಿಮಿಷ ಮಾತಾಡಲು ಬಿಡಿ ಅನ್ನಿ, ಅವರು ಟೂಲ್ಸ್ ಟೀಮ್ ಬಗ್ಗೆ ಏನು ಹೇಳುತ್ತಾರೆ ಕೇಳಿಸಿಕೊಳ್ಳಿ. ಬೈದರೆ ಸೇರಬಹುದು, ಸರಿ ಮಾಡಲು ಕೆಲಸ ಇದೆ ಅಂತ ಆಯಿತು. 'ಅಂಥ ಟೀಮ್ ಇದೆಯಾ?' ಅಂತ ನಿಮ್ಮನ್ನೇ ತಿರುಗಿ ಕೇಳಿದರೆ ಇನ್ನೊಂದು ಆಫರ್ ನೋಡಿಕೊಳ್ಳಿ.